ಬಾಗಿಲಿನ ಮೇಲಣ ಬರಹ

(ಮನೆಕೂಟಗಳಲ್ಲಿ ಓದಿ ಮಾತಾಡತಕ್ಕ ಪಾಠ. ವೇದಭಾಗ: ಆದಿಕಾಂಡ 35:16-20, ಮತ್ತಾಯ 14:22-33)



ಮೈಸೂರಿನ ಅಂಚಿನಲ್ಲಿರುವ ದಟ್ಟಗಳ್ಳಿಯು ಹಿಂದೆ ಹೊಲಗಳ ನಡುವಣ ಹಳ್ಳಿಯಾಗಿತ್ತು. ಈಗ ಪಟ್ಟಣವು ಅದನ್ನು ತನ್ನೊಳಗೆ ಸೇರಿಸಿಕೊಂಡಿದೆ. ಹೊಲಗಳಿದ್ದ ಕಡೆಯಲ್ಲಿ ಬಡಾವಣೆಗಳೂ ಬೀದಿದೀಪಗಳೂ ಬಂದಿವೆ. ಆದಾಗ್ಯೂ ಹಳೆಯ ಊರಿನ ಕೆಲವು ಮನೆಗಳು, ಕೆಲವು ಮರಗಳು, ಅವುಗಳ ಸಂಗಡ ಕೆಲವು ಭಯಗಳು ಉಳಿದುಕೊಂಡಿವೆ. ಅಲ್ಲಿಯ ಒಂದು ಮನೆಯಲ್ಲಿ ಸಾಯಂಕಾಲದ ಪ್ರಾರ್ಥನೆಯನ್ನು ಮುಗಿಸಿ ಏಳುವಷ್ಟರಲ್ಲಿ ಮನೆಯ ಅಜ್ಜಿಯು ನಮ್ಮನ್ನು ತಡೆದು ಹೀಗೆಂದಳು:

“ಉಪದೇಶಿಗಳೇ, ನನ್ನ ಮೊಮ್ಮಗ ಮೊಬೈಲ್‌ನಲ್ಲಿ ಅದೇನೋ ರಕ್ತ ಕುಡಿಯೋ ದೆವ್ವ, ತೋಳ ಆಗೋ ಮನುಷ್ಯ ಅಂತ ನೋಡ್ತಾನೆ. ಆಮೇಲೆ ರಾತ್ರಿ ಹಿತ್ತಿಲಿಗೆ ಹೋಗ್ಬೇಕಾದ್ರೆ ನನ್ನ ಸೆರಗು ಬಿಡೋದಿಲ್ಲ. ಅವೆಲ್ಲ ನಿಜವೋ ಸುಳ್ಳೋ, ನೀವೇ ಹೇಳಿ.”

“ಅವು ಪರದೇಶದ ಕಟ್ಟುಕತೆಗಳು, ಅಜ್ಜಿ” ಎಂದು ನಾವು ಹಗುರವಾಗಿ ಹೇಳಿಬಿಟ್ಟೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಹಂಗಾದ್ರೆ ನಮ್ಮ ಹುಣಸೇಮರದ್ದೂ ಕಟ್ಟುಕತೇನೇ ತಾನೇ? ಅಲ್ಲಿರೋಳು ನನ್ನ ತಂಗಿ ಅಂತ ಊರೋರು ನಲವತ್ತು ವರ್ಷದಿಂದ ಹೇಳ್ತಾರೆ. ಹೆರಿಗೇಲಿ ಹೋದವಳು. ಅವಳ ಮಗ ಬದುಕಿದ್ದಾನೆ, ಬೆಂಗಳೂರಲ್ಲಿ ಕೆಲಸ. ಊರಿಗೆ ಬಂದ್ರೂ ಆ ದಾರಿ ತುಳಿಯೋದಿಲ್ಲ.”

ಆ ಸಾಯಂಕಾಲ ಇದಕ್ಕೆ ನಾವು ತಕ್ಕ ಉತ್ತರ ಕೊಡಲಿಲ್ಲ. ಮೊಮ್ಮಗನ ಪ್ರಶ್ನೆಯೂ ಅಜ್ಜಿಯ ಪ್ರಶ್ನೆಯೂ ಒಂದೇ ಬೇರಿನವುಗಳೆಂದು ಮನೆಗೆ ಹೋಗುವ ದಾರಿಯಲ್ಲಿ ನಮಗೆ ತೋರಿತು. ಆದಕಾರಣ ಎರಡನ್ನೂ ಒಟ್ಟಿಗೆ ವಿಚಾರಿಸಿ ಈ ಪಾಠವನ್ನು ಬರೆಯುತ್ತಿದ್ದೇವೆ.

ಮೊದಲು ಹುಡುಗನ ರಕ್ತಪಿಶಾಚಿಯನ್ನು ನೋಡೋಣ. ಇಂಗ್ಲಿಷಿನವರು ವ್ಯಾಂಪಾಯರ್ ಎಂದು ಕರೆಯುವ ಇದು ಯೂರೋಪಿನ ಪೂರ್ವಭಾಗದ ರೈತರ ನಂಬಿಕೆ. 1725ರಲ್ಲಿ ಸೆರ್ಬಿಯದ ಒಂದು ಹಳ್ಳಿಯಲ್ಲಿ ಪೇಟರ್ ಪ್ಲೊಗೊಯೊವಿಟ್ಸ್ ಎಂಬ ರೈತನು ಸತ್ತ ಮೇಲೆ ಕೆಲವೇ ದಿವಸಗಳಲ್ಲಿ ಊರಿನವರು ಒಬ್ಬರ ಹಿಂದೊಬ್ಬರು ಸತ್ತರು. ಸತ್ತವನೇ ರಾತ್ರಿಯಲ್ಲಿ ಎದ್ದು ಬರುತ್ತಾನೆಂದು ಜನರು ಅವನ ಸಮಾಧಿಯನ್ನು ಅಗೆದರು. ದೇಹವು ಕೊಳೆಯದೆ ಇದ್ದ ಹಾಗೂ, ಬಾಯಲ್ಲಿ ಹೊಸ ರಕ್ತವಿದ್ದ ಹಾಗೂ ಕಂಡಿತು. ಎದೆಗೆ ಗೂಟವನ್ನು ಹೊಡೆದು ಸುಟ್ಟುಹಾಕಿದರು. 1732ರಲ್ಲಿ ಅದೇ ದೇಶದ ಇನ್ನೊಂದು ಹಳ್ಳಿಯಲ್ಲಿ ಸೈನ್ಯದ ವೈದ್ಯರೇ ಇಂಥ ಹೆಣಗಳನ್ನು ನೋಡಿ ವರದಿ ಬರೆದದ್ದರಿಂದ ಈ ಸುದ್ದಿಯು ಯೂರೋಪಿನಲ್ಲೆಲ್ಲಾ ಹಬ್ಬಿತು. ಕಡೆಗೆ ಆಸ್ಟ್ರಿಯದ ರಾಣಿ ಮರಿಯಾ ತೆರೇಸಳು 1755ರಲ್ಲಿ ತನ್ನ ಆಸ್ಥಾನವೈದ್ಯನಾದ ಗೆರಾರ್ಡ್ ವಾನ್ ಸ್ವೀಟನನ ಮೂಲಕ ಈ ವಿಷಯವನ್ನು ಶೋಧಿಸಿದಳು. ಇದೆಲ್ಲಾ ಅಜ್ಞಾನದ ಫಲವೆಂದು ಅವನು ತಿಳಿಸಲಾಗಿ, ಹೆಣಗಳನ್ನು ಅಗೆದು ಸುಡುವ ಪದ್ಧತಿಯನ್ನು ಅವಳು ತಡೆದಳು.

ಹಾಗಾದರೆ ಆ ರೈತರು ಕಂಡದ್ದೇನು? ಅವರು ಸುಳ್ಳು ಹೇಳಲಿಲ್ಲ. ತಣ್ಣನೆಯ ಮಣ್ಣಿನಲ್ಲಿ ಹೂಳಿದ ದೇಹವು ನಾವು ಎಣಿಸುವದಕ್ಕಿಂತ ನಿಧಾನವಾಗಿ ಕೆಡುವದು. ಒಳಗೆ ಹುಟ್ಟುವ ವಾಯುವಿನಿಂದ ಹೊಟ್ಟೆಯು ಉಬ್ಬಿ, ಕೆಂಪಾದ ದ್ರವವು ಬಾಯಿಗೆ ಬರುವದು. ತೊಗಲು ಕುಗ್ಗುವದರಿಂದ ಉಗುರುಗಳು ಬೆಳೆದಂತೆ ಕಾಣುವವು. ಸತ್ತವರನ್ನು ಸುಡುವ ದೇಶದಲ್ಲಿ ಇಂಥ ಕತೆಯು ಇದೇ ರೂಪದಲ್ಲಿ ಹುಟ್ಟುವದು ಕಷ್ಟ. ನಮ್ಮ ನಾಡಿನ ಬೇತಾಳನು ಹೆಣದೊಳಗೆ ಹೊಕ್ಕು ಮರದಲ್ಲಿ ತಲೆಕೆಳಗಾಗಿ ತೂಗಾಡಿದರೂ ರಾಜನಾದ ವಿಕ್ರಮನ ರಕ್ತವನ್ನು ಕೇಳದೆ ನ್ಯಾಯದ ಪ್ರಶ್ನೆಗಳನ್ನೇ ಕೇಳುವನು. (ಪಾಠಶಾಲೆಯಲ್ಲಿ ಇಂಥ ಪರೀಕ್ಷಕರನ್ನು ನಾವೂ ಕಂಡಿದ್ದೇವೆ.) ರಕ್ತ ಕುಡಿಯುವ ಭೂತಕ್ಕೆ ಸಮೀಪವಾದದ್ದು ಕೇರಳದಲ್ಲಿಯೂ ಕಾಸರಗೋಡಿನ ಕಡೆಯಲ್ಲಿಯೂ ಹೇಳುವ ಯಕ್ಷಿ. ಪಾಲೆಮರದ ಬಳಿಯಲ್ಲಿ ಸುಂದರಿಯಾಗಿ ನಿಂತು ದಾರಿಹೋಕರನ್ನು ವೀಳ್ಯಕ್ಕೆ ಸುಣ್ಣ ಕೇಳುವಳಂತೆ.

ಹುಡುಗನು ನೋಡುವ ರಕ್ತಪಿಶಾಚಿಯಾದರೋ ಸೆರ್ಬಿಯದ ರೈತರದ್ದೂ ಅಲ್ಲ. ಅದು 1897ರಲ್ಲಿ ಬ್ರಾಮ್ ಸ್ಟೋಕರ್ ಎಂಬವನು ಬರೆದ ಡ್ರಾಕುಲಾ ಎಂಬ ಕಾದಂಬರಿಯ ಮೊಮ್ಮಗು. ಆ ಪುಸ್ತಕದ ಡ್ರಾಕುಲನು ಹಗಲಿನಲ್ಲಿಯೂ ತಿರುಗಾಡುವನು. ಬಿಸಿಲು ಬಿದ್ದರೆ ಅವನು ನಾಶವಾಗುವನೆಂಬದನ್ನು 1922ರ ನೊಸ್ಫೆರಾಟು ಎಂಬ ಜರ್ಮನ್ ಚಲಚ್ಚಿತ್ರದವರು ಕಟ್ಟಿದರು. ದೆವ್ವದ ಗುಣಗಳು ಚಿತ್ರ ತೆಗೆಯುವವರ ಅನುಕೂಲದಂತೆ ಬದಲಾಗುವದಾದರೆ ಆ ದೆವ್ವವನ್ನು ಮಾಡಿದವರು ಯಾರೆಂಬದು ಹನ್ನೊಂದು ವರುಷದ ಹುಡುಗನಿಗೂ ತಿಳಿಯುವದು. ರಕ್ತ ಹೀರುವ ಬಾವಲಿಗಳು ನಿಜವಾಗಿಯೂ ಇವೆ, ಆದರೆ ಅಮೆರಿಕ ಖಂಡಗಳಲ್ಲಿ ಮಾತ್ರ, ಮೂರೇ ಜಾತಿ. ನಮ್ಮ ಆಲದ ಮರಗಳಲ್ಲಿ ತೂಗುವ ದೊಡ್ಡ ತೊಗಲುಬಾವಲಿಗಳು ಹಣ್ಣು ತಿನ್ನುವವುಗಳು.

ತೋಳನಾಗುವ ಮನುಷ್ಯನ ಮಾತು ಇದಕ್ಕಿಂತ ದುಃಖಕರವಾದದ್ದು. 1589ರಲ್ಲಿ ಜರ್ಮನಿಯಲ್ಲಿ ಪೇಟರ್ ಸ್ಟುಂಪ್ ಎಂಬವನನ್ನು ತೋಳನಾಗಿ ಜನರನ್ನು ಕೊಂದನೆಂದು ಹಿಂಸಿಸಿ ಕೊಂದರು. ಅದು ಕ್ರೈಸ್ತರ ದೇಶ, ತೀರ್ಪು ಮಾಡಿದವರೂ ಕ್ರೈಸ್ತರು. ಹಾಗೆಯೇ 1692ರಲ್ಲಿ ಅಮೆರಿಕದ ಸೇಲಂ ಎಂಬಲ್ಲಿ ವೇದವನ್ನು ಕೈಯಲ್ಲಿ ಹಿಡಿದವರೇ ಮಾಟದ ಆಪಾದನೆಯಿಂದ 19 ಮಂದಿಯನ್ನು ಗಲ್ಲಿಗೇರಿಸಿದರು. ನೆರೆಹೊರೆಯವರ ಮೂಢಭಕ್ತಿಯನ್ನು ಕುರಿತು ಮಾತಾಡುವಾಗ ನಮ್ಮ ಸಭೆಯ ಈ ಚರಿತ್ರೆಯನ್ನು ನಾವು ಮುಚ್ಚಿಡಬಾರದು. ಆದರೆ 1603ರಲ್ಲಿ ಫ್ರಾನ್ಸ್ ದೇಶದ ಬೋರ್ಡೋ ನ್ಯಾಯಸ್ಥಾನದ ಮುಂದೆ ಜೀನ್ ಗ್ರೆನಿಯೆ ಎಂಬ ಹುಡುಗನು ನಿಂತು, ತಾನು ತೋಳನಾಗಿ ಮಕ್ಕಳನ್ನು ತಿಂದೆನೆಂದು ತಾನೇ ಒಪ್ಪಿಕೊಂಡಾಗ, ನ್ಯಾಯಾಧಿಪತಿಗಳು ಅವನನ್ನು ಸುಡಲಿಲ್ಲ. ಅವನ ಬುದ್ಧಿಯು ಸರಿಯಿಲ್ಲವೆಂದು ಕಂಡು ಒಂದು ಸನ್ಯಾಸಿಮಠದಲ್ಲಿ ಇಡಿಸಿದರು. ದಾನಿಯೇಲನ ಗ್ರಂಥದ ನಾಲ್ಕನೆಯ ಅಧ್ಯಾಯವನ್ನು ಅವರು ಓದಿದ್ದರೋ ಏನೋ. ಅಲ್ಲಿ ಅರಸನಾದ ನೆಬೂಕದ್ನೆಚ್ಚರನು ಎತ್ತಿನಂತೆ ಹುಲ್ಲು ಮೇಯುವನು, ಕೂದಲು ಹದ್ದಿನ ಗರಿಗಳಂತೆ ಬೆಳೆಯುವದು. ಆದರೂ ಅವನು ಎತ್ತಾದನೆಂದು ವೇದವು ಹೇಳುವದಿಲ್ಲ. ಕೆಟ್ಟದ್ದು ಅವನ ಬುದ್ಧಿ, ತಿರಿಗಿ ಬಂದದ್ದೂ ಬುದ್ಧಿಯೇ.

ಇದು ಹಳೆಯ ಕಾಲದ ಮಾತೆಂದು ತಳ್ಳಿಬಿಡಬೇಡಿರಿ. 1996ರಲ್ಲಿ ನಮ್ಮ ದೇಶದ ಉತ್ತರ ಪ್ರದೇಶದ ಪೂರ್ವ ಜಿಲ್ಲೆಗಳಲ್ಲಿ ತೋಳಗಳು ಹತ್ತಾರು ಮಕ್ಕಳನ್ನು ಹೊತ್ತುಕೊಂಡು ಹೋದವು. ಕೊಲ್ಲುವದು ಮೃಗವಲ್ಲ, ತೋಳದ ವೇಷ ತಾಳಿದ ಮನುಷ್ಯನೇ ಎಂದು ಜನರು ನಂಬಿ, ಊರಿಗೆ ಬಂದ ಅಪರಿಚಿತರನ್ನು ಹಿಡಿದು ಹೊಡೆದರು. ವನ್ಯಮೃಗಗಳನ್ನು ಅಭ್ಯಾಸಮಾಡುವ ಪಂಡಿತರು ಹೋಗಿ ನೋಡಲಾಗಿ ಅದು ತೋಳದ ಕೆಲಸವೇ ಎಂದು ತಿಳಿದುಬಂತು. ಮಕ್ಕಳನ್ನು ಕಾಯಬೇಕಾದ ರಾತ್ರಿಗಳಲ್ಲಿ ಜನರು ದಾರಿಹೋಕರನ್ನು ಕಾಯುತ್ತಿದ್ದರು.

ಇನ್ನು ನಮ್ಮ ಭಾಷೆಯನ್ನೇ ನೋಡೋಣ. ದೇವ ಎಂಬ ಮಾತೇ ತದ್ಭವವಾಗಿ ದೆವ್ವವಾಯಿತು. ಭೂತವೆಂದರೆ ಆಗಿಹೋದದ್ದು, ವ್ಯಾಕರಣದಲ್ಲಿ ಭೂತಕಾಲವೆಂದು ಮಕ್ಕಳು ಕಲಿಯುವದು ಇದನ್ನೇ. ತುಳುನಾಡಿನಲ್ಲಿಯಾದರೋ ಭೂತವೆಂಬದು ಅಲೆಯುವ ಪ್ರೇತವಲ್ಲ. ಪಂಜುರ್ಲಿ, ಜುಮಾದಿ ಮೊದಲಾದವುಗಳನ್ನು ಜನರು ಕೋಲ ಕಟ್ಟಿ ಗೌರವಿಸಿ, ತಮ್ಮ ನ್ಯಾಯಗಳನ್ನು ಅವುಗಳ ಮುಂದೆ ಹೇಳಿಕೊಳ್ಳುವರು. ಹಿಂದಿನ ಯೂರೋಪಿಯನರು ಇದನ್ನು ಪಿಶಾಚಾರಾಧನೆಯೆಂದು ಬರೆದುಬಿಟ್ಟರು. ಆ ಆರಾಧನೆಯಲ್ಲಿ ನಮಗೆ ಪಾಲಿಲ್ಲ. ಆದಾಗ್ಯೂ ನೆರೆಯವನು ತಾನು ನಂಬದ ಹೆಸರಿನಿಂದ ಕರೆಯಲ್ಪಡುವದು ಸರಿಯಲ್ಲ. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹೇಳುವ ಕೊಳ್ಳಿದೆವ್ವ, ಮೋಹಿನಿ, ಬ್ರಹ್ಮರಾಕ್ಷಸ, ಗಾಳಿ, ಇವು ಬೇರೆ ಜಾತಿಯವು. ಗುಮ್ಮನಂತೂ ಗೂಬೆಯೂ ಹೌದು, ಅಳುವ ಮಕ್ಕಳನ್ನು ಹಿಡಿಯಲು ಬರುವವನೂ ಹೌದು. ರಾತ್ರಿಯಲ್ಲಿ ಕೂಗುವ ಹಕ್ಕಿಗೂ ಭಯಕ್ಕೂ ಕನ್ನಡಿಗರು ಒಂದೇ ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಈಗ ನಮ್ಮ ಮನೆಯ ಸಂಗತಿಯನ್ನೇ ಹೇಳುತ್ತೇವೆ. 1990ರ ದಶಕದಲ್ಲಿ ಬೆಂಗಳೂರಿನ ಸುತ್ತಲೂ ಕರ್ನಾಟಕದ ಅನೇಕ ಹಳ್ಳಿಗಳಲ್ಲಿಯೂ ಒಂದು ಸುದ್ದಿಯು ಹಬ್ಬಿತ್ತೆಂಬದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ರಾತ್ರಿಯಲ್ಲಿ ಒಬ್ಬ ಹೆಂಗಸಿನ ದೆವ್ವವು ಬಾಗಿಲು ತಟ್ಟಿ, ಬಂಧುಗಳ ದನಿಯಲ್ಲಿ ಹೆಸರು ಹಿಡಿದು ಕರೆಯುವದು, ತೆರೆದವರು ಸಾಯುವರು ಎಂದು. ಅದಕ್ಕೆ ಪರಿಹಾರವಾಗಿ ಮನೆಮನೆಯ ಬಾಗಿಲಲ್ಲಿ “ನಾಳೆ ಬಾ” ಎಂದು ಬರೆದರು. ಅವಳು ಓದಿಕೊಂಡು ಹಿಂದಿರುಗುವಳು, ಮರುದಿನ ಬಂದರೆ ಮತ್ತೆ ನಾಳೆಯೇ. ಅಂಗಡಿಯವರು ‘ಇಂದು ನಗದು, ನಾಳೆ ಸಾಲ’ ಎಂದು ಹಲಗೆ ತೂಗಿಸುವ ಉಪಾಯವೇ ಇದು. ದೆವ್ವಕ್ಕೆ ಕನ್ನಡ ಓದಲು ಬರುವದೆಂದೂ, ಆದರೆ ನಿನ್ನೆ ಓದಿದ್ದು ನೆನಪಿರುವದಿಲ್ಲವೆಂದೂ ಎಲ್ಲರೂ ಒಪ್ಪಿಕೊಂಡಿದ್ದರು!

ನಮ್ಮ ತಂದೆಯವರು ಸಭೆಯಲ್ಲಿ ಆದಿತ್ಯವಾರ ವೇದ ಓದುವವರು. ಒಳಗೋಡೆಯಲ್ಲಿ 91ನೆಯ ಕೀರ್ತನೆಯ ವಾಕ್ಯವನ್ನು ಚೌಕಟ್ಟು ಕಟ್ಟಿ ತೂಗಿಸಿದ್ದರು. ಆ ವಾರ ಅವರೇ ಸೀಮೆಸುಣ್ಣ ತೆಗೆದುಕೊಂಡು ಹೊರಬಾಗಿಲಲ್ಲಿ “ನಾಳೆ ಬಾ” ಎಂದು ಬರೆದರು. ಕೇರಿಯ ಬಾಗಿಲುಗಳಲ್ಲೆಲ್ಲಾ ಬರಹವಿದ್ದು ನಮ್ಮದೊಂದೇ ಬರಿದಾಗಿದ್ದರೆ ಅವಳು ಎಲ್ಲಿಗೆ ಬರುವಳು ಎಂಬದು ಅವರ ತರ್ಕ. ಚಿಕ್ಕವರಾಗಿದ್ದ ನಮಗೆ ಅದರಿಂದ ಧೈರ್ಯ ಬರಲಿಲ್ಲ. ತಂದೆಯೇ ಬರೆದರೆಂದ ಮೇಲೆ ಅವಳು ಇರುವದು ನಿಜವೇ ಎಂದು ಭಯವು ಇಮ್ಮಡಿಯಾಯಿತು. ಒಳಗಣ ಕೀರ್ತನೆಯು ರಾತ್ರಿಯ ಭಯಕ್ಕೆ ಹೆದರಬೇಡವೆನ್ನುವದು, ಹೊರಗಣ ಸೀಮೆಸುಣ್ಣವು ಹೆದರೆನ್ನುವದು. ಎಷ್ಟೋ ಕ್ರೈಸ್ತ ಮನೆಗಳಲ್ಲಿ ಇಂದಿಗೂ ಎರಡು ಬರಹಗಳಿವೆ.

ಅದೇ 1990ರಲ್ಲಿ ಥಾಯ್ಲೆಂಡ್ ದೇಶದ ಈಶಾನ್ಯ ಹಳ್ಳಿಗಳಲ್ಲಿ, ವಿಧವೆಯ ದೆವ್ವವು ಮಲಗಿರುವ ಗಂಡಸರನ್ನು ಕೊಲ್ಲುವದೆಂದು ಸುದ್ದಿ ಹುಟ್ಟಿ, ಅವರೂ ಮನೆಗಳ ಮುಂದೆ ಕಾಪು ಕಟ್ಟಿದರು. ಅಲ್ಲಿ ಸಾವುಗಳು ನಿಜವಾಗಿದ್ದವು. ಸಿಂಗಾಪುರಕ್ಕೆ ಕೂಲಿಗೆ ಹೋದ ಗಟ್ಟಿಮುಟ್ಟಾದ ಥಾಯಿ ಯುವಕರು ನಿದ್ದೆಯಲ್ಲಿಯೇ ಸಾಯುತ್ತಿದ್ದರು. 1992ರಲ್ಲಿ ಬ್ರುಗಾಡ ಎಂಬ ಅಣ್ಣತಮ್ಮಂದಿರಾದ ವೈದ್ಯರು ಹೃದಯದ ಬಡಿತವು ತಪ್ಪುವ ಒಂದು ವ್ಯಾಧಿಯನ್ನು ವಿವರಿಸಿದರು. ಇಂಥ ಸಾವುಗಳಲ್ಲಿ ಅನೇಕವುಗಳಿಗೆ ಅದೇ ಕಾರಣವೆಂದು ಬಳಿಕ ತಿಳಿಯಿತು. ಇನ್ನೂ ಹಿಂದಕ್ಕೆ ಹೋದರೆ, ಸುಮಾರು 1,400 ವರುಷಗಳ ಕೆಳಗೆ ಬಾಬೆಲಿನ ಸೀಮೆಯಲ್ಲಿ ಯೆಹೂದ್ಯರೂ ಇತರರೂ ಮಣ್ಣಿನ ಬೋಗುಣಿಗಳೊಳಗೆ ಮಂತ್ರಗಳನ್ನು ಬರೆದು ಮನೆಯ ಹೊಸ್ತಿಲಿನ ಕೆಳಗೆ ಬೋರಲಾಗಿ ಹೂಳುತ್ತಿದ್ದರು. ಕೆಲವುಗಳಲ್ಲಿ ಲಿಲೀತ್ ಎಂಬ ರಾತ್ರಿಯ ಹೆಣ್ಣುಭೂತಕ್ಕೆ ವಿವಾಹವಿಚ್ಛೇದನದ ಪತ್ರವನ್ನೇ ಬರೆದಿದ್ದಾರೆ. ಬಾಗಿಲಿನ ನಿಲುವುಗಳಲ್ಲಿ ದೇವರ ಮಾತುಗಳನ್ನು ಬರೆಯಬೇಕೆಂದು ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯವನ್ನು ಕೇಳಿದ್ದವರ ಮಕ್ಕಳೇ ಹೊಸ್ತಿಲ ಕೆಳಗೆ ಇದನ್ನು ಹೂಳಿದರು. ನಮ್ಮ ತಂದೆಯವರು ಒಬ್ಬರೇ ಅಲ್ಲವಲ್ಲಾ ಎಂದು ನಮಗೆ ತುಸು ಸಮಾಧಾನವಾಯಿತು.

“ನಾಳೆ ಬಾ” ಎಂಬ ಮಾತು ವೇದದಲ್ಲಿಯೂ ಒಂದು ವಿಧದಲ್ಲಿ ಉಂಟು. ದೇಶಾಧಿಪತಿಯಾದ ಫೇಲಿಕ್ಸನು ಪೌಲನ ಬೋಧನೆಗೆ ಹೆದರಿ, ಸಮಯ ದೊರೆತಾಗ ಕರೆಸುವೆನೆಂದು ಅವನನ್ನು ಕಳುಹಿಸಿಬಿಟ್ಟನು (ಅಪೊಸ್ತಲರ ಕೃತ್ಯಗಳು 24:25). ಬಾಗಿಲಲ್ಲಿ ನಿಂತು ತಟ್ಟುವೆನೆಂದು ಕರ್ತನು ಲವೊದಿಕೀಯದ ಸಭೆಗೆ ಹೇಳಿದನು. ಯಾವ ತಟ್ಟುವಿಕೆಗೆ ನಾಳೆಯೆಂದು ಹೇಳುತ್ತಿದ್ದೇವೆಂಬದನ್ನು ಮನೆಕೂಟದವರು ವಿಚಾರಿಸಲಿ.

ಅಂತೂ ಮೋಹಿನಿ, ಯಕ್ಷಿ, ಬಾಗಿಲು ತಟ್ಟುವವಳು, ಹುಣಸೇಮರದವಳು, ಇವರೆಲ್ಲರೂ ಹೆಂಗಸರೇ ಯಾಕೆ? 2004ರ ಆಪ್ತಮಿತ್ರ ಚಲಚ್ಚಿತ್ರದ ನಾಗವಲ್ಲಿಯೂ ಹೆಂಗಸೇ. ಆ ಕತೆಯಲ್ಲಿ ದೆವ್ವವಲ್ಲ, ಮನಸ್ಸಿನ ರೋಗವೆಂದು ವೈದ್ಯನು ತೋರಿಸಿಕೊಡುತ್ತಾನೆ. ಜನರು ವೈದ್ಯನನ್ನು ಮರೆತು ನಾಗವಲ್ಲಿಯನ್ನು ಮಾತ್ರ ಮನೆಗೆ ಕರೆದುಕೊಂಡು ಹೋದರು. ಅದರಲ್ಲಿ ನಟಿಸಿದ ಸೌಂದರ್ಯ ಎಂಬವರು ಅದೇ ವರುಷ ವಿಮಾನಾಪಘಾತದಲ್ಲಿಯೂ, ವಿಷ್ಣುವರ್ಧನರು 2009ರಲ್ಲಿ ಇದೇ ಮೈಸೂರಿನಲ್ಲಿ ಹೃದಯಾಘಾತದಿಂದಲೂ ತೀರಿಹೋದಾಗ, ಅದಕ್ಕೂ ನಾಗವಲ್ಲಿಯ ಶಾಪವೆಂದು ಆಡಿಕೊಂಡರು. ನಮಗೆ ತೋರುವದೇನಂದರೆ, ಊರು ಯಾರ ವಿಷಯದಲ್ಲಿ ತಪ್ಪು ಮಾಡಿತೋ ಅವರಿಗೆ ಹೆದರುವದು. ಗಂಡನ ಮನೆಯಲ್ಲಿ ನೊಂದು ಬಾವಿಗೆ ಬಿದ್ದವಳು, ಹೆರಿಗೆಯ ನೋವಿನಲ್ಲಿ ಗಾಡಿ ಸಿಕ್ಕದೆ ಸತ್ತವಳು, ಇಂಥವಳು ಸೇಡಿಗೆ ಬರುವಳೆಂಬ ಭಯದಲ್ಲಿ, ನಾವು ಅವಳಿಗೆ ಏನೋ ಸಲ್ಲಿಸಬೇಕಿತ್ತೆಂಬ ಒಪ್ಪಿಗೆಯು ಅಡಗಿದೆ. ಆದರೆ ಒಪ್ಪಿಕೊಳ್ಳುವದರ ಬದಲಿಗೆ ಸತ್ತವಳ ಮೇಲೆ ಕೊಲೆಗಾರ್ತಿಯೆಂಬ ಅಪವಾದವನ್ನು ಹೊರಿಸುವರು.

ದುರಾತ್ಮಗಳೇ ಇಲ್ಲವೆಂದು ನಾವು ಬೋಧಿಸುವದಿಲ್ಲ. ಗೆರಸೇನರ ಸೀಮೆಯ ಸಮಾಧಿಗಳಲ್ಲಿದ್ದವನನ್ನು ಕರ್ತನು ಬಿಡಿಸಿದ್ದನ್ನು ಮಾರ್ಕನ ಐದನೆಯ ಅಧ್ಯಾಯದಲ್ಲಿ ಓದುತ್ತೇವೆ. ಆದರೆ ಅಲ್ಲಿಯಾಗಲಿ ಬೇರೆಲ್ಲಿಯಾಗಲಿ, ಸತ್ತ ಮನುಷ್ಯನ ಆತ್ಮವು ದೆವ್ವವಾಗಿ ಮರ ಹತ್ತಿತೆಂದು ವೇದವು ಹೇಳುವದಿಲ್ಲ. ತನ್ನ ಕೂಸು ಸತ್ತಾಗ ದಾವೀದನು, ತಾನು ಅದರ ಬಳಿಗೆ ಹೋಗುವೆನೇ ಹೊರತು ಅದು ತನ್ನ ಬಳಿಗೆ ಬಾರದೆಂದನು. ಶಿಷ್ಯರು ಸಮುದ್ರದ ಮೇಲೆ ನಡೆದು ಬಂದ ಕರ್ತನನ್ನೇ ಭೂತವೆಂದು ಕೂಗಿಕೊಂಡರು. ಅವರೂ ನಮ್ಮಂತೆ ಅಜ್ಜಿಕತೆಗಳನ್ನು ಕೇಳಿ ಬೆಳೆದವರೇ. ಆತನು ಆ ಭಯಕ್ಕಾಗಿ ಅವರನ್ನು ಗದರಿಸದೆ ಮಾತಾಡಿ ತನ್ನ ಗುರುತು ಕೊಟ್ಟನು. ಪುನರುತ್ಥಾನದ ಸಾಯಂಕಾಲ ಅದೇ ಭಯವು ತಿರಿಗಿ ಬಂದಾಗ ಕೈಕಾಲುಗಳನ್ನು ಮುಟ್ಟಿ ನೋಡಲು ಹೇಳಿ, ಸುಟ್ಟ ಮೀನಿನ ತುಂಡನ್ನು ಅವರ ಮುಂದೆ ತಿಂದನು (ಲೂಕ 24).

ಅಜ್ಜಿಯ ತಂಗಿಗೆ ಸರಿಯಾದ ಪಾಠವು ಆದಿಕಾಂಡದ 35ನೆಯ ಅಧ್ಯಾಯದಲ್ಲಿದೆ. ರಾಹೇಲಳು ಪ್ರಯಾಣದ ದಾರಿಯಲ್ಲಿ ಹೆರಿಗೆಯ ವೇದನೆಗೆ ಸಿಕ್ಕಿ ಸತ್ತಳು. ಪ್ರಾಣ ಹೋಗುವಾಗ ಮಗನಿಗೆ ಬೆನೋನಿ ಎಂದು, ಅಂದರೆ ನನ್ನ ದುಃಖದ ಮಗನೆಂದು, ಹೆಸರಿಟ್ಟಳು. ತಂದೆಯು ಅದನ್ನು ಬೆನ್ಯಾಮೀನ ಎಂದು ಬದಲಾಯಿಸಿದನು. ಬಾಣಂತಿಯ ಸಾವು, ದಾರಿಯ ಬದಿ, ತೀರದ ಆಶೆ, ನಮ್ಮ ಊರಿನವರು ದೆವ್ವವೆನ್ನುವದಕ್ಕೆ ಬೇಕಾದದ್ದೆಲ್ಲಾ ಅಲ್ಲಿ ಇತ್ತು. ಯಾಕೋಬನಾದರೋ ಅಲ್ಲಿ ಕಲ್ಲನ್ನು ನಿಲ್ಲಿಸಿದನು. ಎಷ್ಟೋ ತಲೆಗಳಾದ ಮೇಲೆ ಸಮುವೇಲನು ಸೌಲನಿಗೆ ದಾರಿಯ ಗುರುತು ಹೇಳುವಾಗ ರಾಹೇಲಳ ಸಮಾಧಿಯ ಬಳಿಯನ್ನು ಹೇಳಿದನು (1 ಸಮುವೇಲ 10:2). ಸೌಲನು ಬೆನ್ಯಾಮೀನನ ವಂಶದವನು. ಆ ತಾಯಿಯ ಸಮಾಧಿಯ ಪಕ್ಕದಲ್ಲಿಯೇ ಅವಳ ಮಗನ ಮಕ್ಕಳು ಹಗಲೂ ರಾತ್ರಿಯೂ ಹೋಗಿಬರುತ್ತಿದ್ದರು. ಯೆರೆಮೀಯನು ಅವಳ ದನಿಯನ್ನು ಕೇಳಿಸಿದಾಗಲೂ ಅದು ಮಕ್ಕಳಿಗಾಗಿ ಅಳುವ ದನಿ, ಹೆದರಿಸುವ ದನಿಯಲ್ಲ.

ಈ ಭಯದಿಂದ ಪ್ರಾಣಹಾನಿಯೂ ಆಗುವದು. ಹುಟ್ಟಿದ ಕೂಸು ಮೊದಲ ಎರಡು ವಾರಗಳಲ್ಲಿ ಹಾಲು ಬಿಟ್ಟು, ಮೈ ಬಿಲ್ಲಿನಂತೆ ಬಾಗಿ ಸತ್ತರೆ ಹಿಂದೆ ಬಾಲಗ್ರಹವೆನ್ನುತ್ತಿದ್ದರು. ಅದರಲ್ಲಿ ಬಹು ಪಾಲು ಧನುರ್ವಾಯು. ಹೊಕ್ಕುಳಬಳ್ಳಿಯನ್ನು ಕೊಳೆಯಾದ ಕುಡುಗೋಲಿನಿಂದಲೋ ಚೂರಿಯಿಂದಲೋ ಕೊಯ್ದದ್ದರ ಫಲ. ಬಸುರಿಯರಿಗೆ ಚುಚ್ಚುಮದ್ದು, ಶುದ್ಧವಾದ ಹೆರಿಗೆ, ಇವೆರಡೇ ಆ ಗ್ರಹವನ್ನು ಓಡಿಸಿದವು. 2015ರಲ್ಲಿ ಭಾರತದಲ್ಲಿ ತಾಯಂದಿರ ಮತ್ತು ನವಜಾತ ಶಿಶುಗಳ ಧನುರ್ವಾಯುವು ನಿರ್ಮೂಲದ ಮಟ್ಟಕ್ಕೆ ಬಂದಿತೆಂದು ಲೋಕಾರೋಗ್ಯ ಸಂಸ್ಥೆಯು ಒಪ್ಪಿತು. ಮೈಸೂರಿನ ಮಿಷನ್ ಆಸ್ಪತ್ರೆಯು 1906ರಲ್ಲಿ ಹೆಂಗಸರಿಗೂ ಮಕ್ಕಳಿಗೂ ಎಂದೇ ತೆರೆಯಲ್ಪಟ್ಟದ್ದು ಈ ಮರಣಗಳ ನಡುವೆಯೇ.

ಹುಚ್ಚುನಾಯಿಯ ಕಡಿತವೂ ಹಾಗೆಯೇ. ಆ ರೋಗಿಯು ನೀರನ್ನು ಕಂಡರೆ ನಡುಗುವನು, ಬೆಳಕನ್ನೂ ಗಾಳಿಯನ್ನೂ ಸಹಿಸನು, ಜೊಲ್ಲು ಸುರಿಸುವನು, ಕೆಲವೊಮ್ಮೆ ಕಚ್ಚಲು ಬರುವನು. ರಕ್ತಪಿಶಾಚಿಯ ಕತೆಗೆ ಇದೇ ಒಂದು ಮೂಲವಿರಬಹುದೆಂದು 1998ರಲ್ಲಿ ಸ್ಪೇನ್ ದೇಶದ ಒಬ್ಬ ವೈದ್ಯನು ಬರೆದನು. ಲಕ್ಷಣಗಳು ಕಂಡ ಮೇಲೆ ಬದುಕುವದು ಬಹಳ ಅಪರೂಪ. ಕಡಿದ ದಿನವೇ ಎಚ್ಚರವಾದರೆ ಸಾಯಬೇಕಾಗಿಲ್ಲ. ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆದು, ಆ ದಿನವೇ ಆಸ್ಪತ್ರೆಗೆ ಹೋಗಿ, ಹೇಳಿದಷ್ಟು ಚುಚ್ಚುಮದ್ದುಗಳನ್ನೂ ತಪ್ಪದೆ ಹಾಕಿಸಿಕೊಳ್ಳಿರಿ. ನಾಯಿ ಹಾವು ಚೇಳು ಕಡಿದವರನ್ನು ವೈದ್ಯರ ಬಳಿಗೆ ಹೋಗದಂತೆ ತಡೆದು ಮಂತ್ರಿಸುವದನ್ನೂ, ದೆವ್ವ ಬಿಡಿಸುವೆನೆಂದು ಹೊಡೆಯುವದನ್ನೂ ಕರ್ನಾಟಕದ 2017ರ ಕಾನೂನು ಅಪರಾಧವೆಂದು ಮಾಡಿದೆ. 2020ರಿಂದ ಅದು ಜಾರಿಯಲ್ಲಿದೆ. ಪ್ರಾರ್ಥನೆ ಮಾಡಬೇಡಿರೆಂದು ನಾವು ಹೇಳುವದಿಲ್ಲ. ಆಟೋದಲ್ಲಿ ಕೂತು ಆಸ್ಪತ್ರೆಗೆ ಹೋಗುತ್ತಾ ಪ್ರಾರ್ಥಿಸಿರಿ.

ಮುಂದಿನ ತಿಂಗಳ ಕೂಟದಲ್ಲಿ ರಾಹೇಲಳ ಭಾಗವನ್ನು ಓದಿದೆವು. ಅಜ್ಜಿಯು ಏನೂ ಹೇಳಲಿಲ್ಲ. ಕೂಟ ಮುಗಿದ ಮೇಲೆ ಮೊಮ್ಮಗನ ಕೈಗೆ ಟಾರ್ಚ್ ಕೊಟ್ಟು, “ಬನ್ನಿ ಉಪದೇಶಿಗಳೇ, ಮರದವರೆಗೂ ಹೋಗಿ ಬರೋಣ” ಎಂದಳು. ಮೂವರೂ ಹೋದೆವು. ಮರದ ಪೊಟರೆಯಲ್ಲಿ ಒಂದು ಜೊತೆ ಹಾಲಕ್ಕಿಗಳಿದ್ದವು. ಬೆಳಕು ಬಿದ್ದ ಕೂಡಲೆ ತಲೆ ಕುಣಿಸಿ, ಕಿರಿಚಿ, ಹಾರಿಹೋದವು. ಹುಡುಗನು ಮೊದಲು ನಮ್ಮ ಹಿಂದೆ ಅಡಗಿ, ಬಳಿಕ ನಗಲು ತೊಡಗಿದನು. ಅಜ್ಜಿಯು ಕಾಂಡದ ಮೇಲೆ ಕೈಯಿಟ್ಟು ಹುಡುಗನಿಗೆ ತನ್ನ ತಂಗಿಯ ಹೆಸರನ್ನು ಹೇಳಿದಳು. ಅವನು ಅದನ್ನು ಕೇಳಿದ್ದು ಅದೇ ಮೊದಲು.

“ಬಸುರೀಲಿ ಈ ಮರದ ಕಾಯಿಗೆ ಉಪ್ಪು ಹಚ್ಚಿ ತಿಂತಿದ್ಲು. ನಂಗೂ ಕೊಡೋಳು. ನಿಮ್ಮ ಚಿಕ್ಕಪ್ಪ ಬರಲಿ, ಅವನಿಗೂ ಹೇಳ್ತೀನಿ” ಎಂದಳು.